ಸೋಮವಾರದ ಹೊಲ

ಆ ಇಂಗ್ಲಿಷ್ ಚಿತ್ರಕಾರರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ವಾಟ್ಸಾಪಿನಲ್ಲಿ, ಗುಡಗೇರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ. ಧಾರವಾಡದ ಕಲಾವಿದ ಗೆಳೆಯನೊಬ್ಬ ಕಳಿಸಿದ್ದ. ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದಿದ್ದವು. ಸಂಜೆ ಅದೇ ಗೆಳೆಯ ಫೋನ್ ಮಾಡಿ, ಅವರನ್ನು ನೀನು ಹತ್ತಿರದಿಂದ ಬಲ್ಲವ, ನಮ್ಮ ಕರಿ ಎರೆ ನೆಲವನ್ನು ಜಗತ್ತಿಗೆ ತೋರಿಸಿದ ಮಹಾನುಭಾವರು, ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡು ಎಂದ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬುದು ನನಗೂ ಗೊತ್ತು. ಆದರೆ ಒಳ್ಳೆಯದನ್ನೇ ಆಡಬೇಕೆಂದು ಕೂತರೆ ಪೆನ್ನು ಮುಂದೆ ಹೋಗುವುದಿಲ್ಲ. ಅವನಿಗೆ ಕೊಡಬೇಕಾದ ಎರಡು ಪುಟ ಹಾಗೇ ಉಳಿದಿವೆ. ಬರೆಯಲು ಆದದ್ದು ಇದು.

ಅವರು ಇಂಗ್ಲೆಂಡಿನ ಪೂರ್ವ ದಂಡೆಯ ಒಂದು ಸಣ್ಣ ಊರಿನವರು. ಅಪ್ಪ ಬಂದರಿನಲ್ಲಿ ಗುಮಾಸ್ತ. ಅಲ್ಲಿಯೂ ನೆಲ ನಮ್ಮ ಕಡೆಯ ಹಾಗೆ ಸಪಾಟಂತೆ, ಕಣ್ಣಿಗೆ ಅಡ್ಡ ಬರುವ ಗುಡ್ಡವಿಲ್ಲ, ಮುಕ್ಕಾಲು ಪಾಲು ಆಕಾಶ. ಒಂದು ಕಲಾಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಊರಿನ ಚಳಿ ತಡೆಯಲಾರದೆ ಈ ದೇಶಕ್ಕೆ ಬರತೊಡಗಿದ್ದರು. ಗೋವಾದಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಪ್ಯಾಸೆಂಜರ್ ಗಾಡಿ ಹಿಡಿದು ಮುಂದೆಲ್ಲಿಗೋ ಹೋಗಬೇಕಿದ್ದವರು, ಕಿಟಕಿಯಿಂದ ಕರಿ ಹೊಲ ಕಂಡು ಗುಡಗೇರಿಯಲ್ಲಿ ಇಳಿದುಬಿಟ್ಟರು. ಸ್ಟೇಷನ್ನಿನ ಎದುರಿನ ಚಹಾದಂಗಡಿಯವನು ಈ ಬಿಳಿ ಮನುಷ್ಯನನ್ನು ಏನು ಮಾಡಬೇಕೆಂದು ತಿಳಿಯದೆ, ಇಂಗ್ಲಿಷ್ ಬಲ್ಲ ಡ್ರಾಯಿಂಗ್ ಮಾಸ್ತರ ಎಂದು ನನಗೆ ಫೋನ್ ಮಾಡಿದ. ನನ್ನ ಇಂಗ್ಲಿಷ್ ಎಷ್ಟೆಂಬುದು ನನಗೆ ಗೊತ್ತಿತ್ತು. ಆದರೂ ಮೋಟರ್ ಸೈಕಲ್ ಹತ್ತಿ ಹೋದೆ. ಹಳ್ಳಿಯಲ್ಲಿ ಕೂತ ಚಿತ್ರಕಲಾ ಶಿಕ್ಷಕನಿಗೆ ನಿಜವಾದ ಚಿತ್ರಕಾರನೊಬ್ಬ ಸಿಕ್ಕುವುದೆಂದರೆ ಸಣ್ಣ ಮಾತಲ್ಲ. ಆ ದಿನ ನನಗೆ ಲಾಟರಿ ಹೊಡೆಯಿತು ಎಂದೇ ತಿಳಿದಿದ್ದೆ.

ಅಂದಿನಿಂದ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಬಂದು ಹೋಳಿಯ ತನಕ ಇರುತ್ತಿದ್ದರು. ಗುಡಗೇರಿಯಲ್ಲಿ ಒಂದು ಕೋಣೆ, ಅಲ್ಲಿಂದ ಮೂರ್ನಾಲ್ಕು ಮೈಲು ದೂರದ ನಮ್ಮೂರಿಗೆ ನನ್ನ ಗಾಡಿಯ ಹಿಂದಿನ ಸೀಟು. ಊರವರು ಅವರಿಗೆ ಬಣ್ಣದ ಸಾಹೇಬ ಎಂದು ಹೆಸರಿಟ್ಟರು. ಬಹುವಚನ ಬಿಟ್ಟು ಅವರ ಬಗ್ಗೆ ಮಾತಾಡಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ.

ಕೆಲಸಗಾರರೆಂದರೆ ಕೆಲಸಗಾರರು. ಅದನ್ನು ಇಲ್ಲವೆನ್ನುವಷ್ಟು ಸಣ್ಣವ ನಾನಲ್ಲ. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಹಲಗೆಗೆ ಗಮ್ ಟೇಪಿನಿಂದ ಅಂಟಿಸಿ ಒಣಗಿಸಿದರೆ ಅದು ಡೊಳ್ಳಿನ ಚರ್ಮದಷ್ಟು ಬಿಗಿಯಾಗುತ್ತಿತ್ತು. ಆಮೇಲೆ ಮೇಲಿನ ಅರ್ಧ ಮತ್ತೆ ಒದ್ದೆ ಮಾಡಿ, ಬಣ್ಣ ಬಿಟ್ಟು, ಹಲಗೆಯನ್ನು ವಾರೆ ಹಿಡಿಯುವರು. ಆಕಾಶ ತಾನಾಗಿ ಇಳಿದು ಬರುತ್ತಿತ್ತು. ಬಿಳಿ ಬಣ್ಣದ ಟ್ಯೂಬನ್ನು ಅವರು ಇಟ್ಟುಕೊಂಡಿರಲೇ ಇಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನೇ ಮುಟ್ಟದೆ ಬಿಡುವರು. ಜಲವರ್ಣದ ವಿದ್ಯೆಯೆಲ್ಲ ಬಿಡುವುದರಲ್ಲಿದೆ ಎನ್ನುವರು. ಏನನ್ನು ಬಿಡಬೇಕೆಂಬುದರಲ್ಲಿ ಅವರಿಗೆ ಎಂದೂ ಅನುಮಾನ ಬಂದದ್ದನ್ನು ನಾನು ಕಾಣೆ.

ಮೊದಲ ದಿನ ನನ್ನ ಅವ್ವ ಅವರಿಗೆ ಬಣ್ಣ ಕಲಸಲು ಕೆರೆಯ ಸಿಹಿನೀರು ತಂದುಕೊಟ್ಟಳು. ಕುಡಿಯುವ ನೀರು, ತಲೆಯ ಮೇಲೆ ಹೊತ್ತು ತಂದದ್ದು. ಅವರು ಅದನ್ನು ಬಿಟ್ಟು ಬೋರಿನ ಸವುಳು ನೀರು ಕೇಳಿದರು. ಆ ನೀರಿನಲ್ಲಿ ಬಣ್ಣ ಒಡೆದು ಸಣ್ಣ ಸಣ್ಣ ಕಾಳಾಗಿ ಕೂರುತ್ತದೆ, ಎರೆ ಮಣ್ಣು ಇದ್ದ ಹಾಗೇ ಕಾಣುತ್ತದೆ ಎಂದು ನನಗೆ ವಿವರಿಸಿದರು. ನಾನು ಅದನ್ನು ಅವ್ವನಿಗೆ ಹೇಳಿದೆ. ಎಮ್ಮೆ ಸುದ್ಧಾ ಮೂತಿ ತಿರುವುವ ನೀರು ಇವನಿಗೆ ಬೇಕಂತೆ ಎಂದು ಅವ್ವ ನಕ್ಕಳು. ಆದರೆ ಅಂದಿನಿಂದ ಅವರಿಗಾಗಿಯೇ ಒಂದು ತಂಬಿಗೆಯನ್ನು ತೊಳೆದು ಬೇರೆ ಇಟ್ಟಳು.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತುಗಳ ಮೈ ತೊಳೆದು ನೆರಳಿಗೆ ಕಟ್ಟುತ್ತಾರೆ, ಕಳೆ ಹರಗುವ ಕುಂಟೆಯನ್ನು ಹೊಲದ ಬದುವಿನ ಗಿಡಕ್ಕೆ ಆನಿಸಿ ಬರುತ್ತಾರೆ. ಗಂಡಸರು ಗುಡಿ ಕಟ್ಟೆಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮೂರಲ್ಲಿ ಇದು ನಿಂತಿಲ್ಲ. ಇದನ್ನು ತಿಳಿದದ್ದೇ ಸಾಹೇಬರ ಮುಖ ಅರಳಿತು. ಇನ್ನು ಮೇಲೆ ಸೋಮವಾರವೇ ಹೊಲಕ್ಕೆ ಹೋಗೋಣ ಎಂದರು. ನನಗೂ ಸೋಮವಾರ ಬಿಡುವು. ನಾನು ಖಾಸಗಿ ಶಾಲೆಯ ವಾರಕ್ಕೆ ಮೂರು ದಿನದ ಮಾಸ್ತರ. ಸೋಮವಾರದಂಥ ಒಳ್ಳೆಯ ದಿನವನ್ನು ಗಣಿತಕ್ಕೆ ಕೊಡುತ್ತಾರೆ, ಚಿತ್ರಕಲೆಗೆ ಯಾವ ಹೆಡ್‌ಮಾಸ್ತರನೂ ಕೊಡುವುದಿಲ್ಲ.

ಸೋಮವಾರವೇ ಏಕೆಂಬುದು ನನಗೆ ಹೊಳೆಯಲು ಒಂದು ಚಳಿಗಾಲ ಹಿಡಿಯಿತು. ಅವರಿಗೆ ಖಾಲಿ ಹೊಲ ಬೇಕಿತ್ತು. ಅವರ ಚಿತ್ರಗಳಲ್ಲಿ ಆಕಾಶವಿತ್ತು, ಎರೆಯ ಬಿರುಕಿತ್ತು, ಬನ್ನಿ ಗಿಡವಿತ್ತು, ವಾರೆಯಾಗಿ ನಿಂತ ಕುಂಟೆಯೂ ಇತ್ತು. ಕುಂಟೆಯ ವಾರೆ ಗೆರೆ ಅವರಿಗೆ ಬಲು ಪ್ರೀತಿ. ಅದನ್ನು ಆನಿಸಿ ಹೋದವನು ಮಾತ್ರ ಎಲ್ಲಿಯೂ ಇರುತ್ತಿರಲಿಲ್ಲ. ಯಾರಾದರೂ ದಾರಿಯಲ್ಲಿ ಬಂದರೆ ಕುಂಚ ಎತ್ತಿ ಹಿಡಿದು ಕಾಯುವರು. ಹೋಗದಿದ್ದರೆ ನನ್ನತ್ತ ನೋಡುವರು. ನಾನು ಎದ್ದು ಹೋಗಿ, ಸ್ವಲ್ಪ ಆ ಬಾಜು ನಿಲ್ಲರಿ ಎಂದು ಬೇಡಬೇಕು. ತಮ್ಮ ಹೊಲದಲ್ಲೇ ನಿಂತವರನ್ನು ಸರಿಯಿರಿ ಎನ್ನುವ ಕೆಲಸ. ಒಬ್ಬ ಕಾಕಾ ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಲದ ಉತಾರದಾಗ ಹೆಸರು ಯಾರದೈತಿ, ಅಷ್ಟ ಕೇಳಿಕೊಂಡು ಬಾ ನಿಮ್ಮ ಸಾಹೇಬನ್ನ" ಎಂದರು. ನಾನು ವಾಪಸು ಬಂದೆ. ಧಾರವಾಡದ ಗೆಳೆಯರು ಆ ಚಿತ್ರಗಳನ್ನು ನೋಡಿ ಎಂಥ ಮೌನ, ಎಂಥ ಮೌನ ಎನ್ನುತ್ತಿದ್ದರು. ಬಾಯಿ ಮುಚ್ಚಿಸಿದರೆ ಮೌನ ಇರದೆ ಏನಿರುತ್ತದೆ.

ಆದರೆ ಸೋಮವಾರವೂ ಹೊಲಕ್ಕೆ ಹೋಗುವವಳು ಒಬ್ಬಳಿದ್ದಳು, ನನ್ನ ಅವ್ವ. ಅಪ್ಪ ತೀರಿಕೊಂಡ ಮೇಲೆ ಹೊಲ ಅಣ್ಣ ನೋಡಿಕೊಳ್ಳುತ್ತಿದ್ದ, ಎತ್ತೂ ಅವನವೇ. ಅವ್ವ ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯ ದೊಡ್ಡವ್ವ ಬಂಧುವೇನಲ್ಲ, ಅವ್ವನ ಜೋಡಿ ಕಳೆ ತೆಗೆದು ಮುದುಕಿಯಾದವಳು. ಸೋಮವಾರ ಮಣ್ಣು ಮುಟ್ಟಬಾರದೆಂದು ಅವಳು ಬೈಯುತ್ತಿದ್ದಳು. ಅದಕ್ಕೆ ಅವ್ವನ ಉತ್ತರ ಊರಿಗೇ ಗೊತ್ತಿತ್ತು: "ಸೋಮವಾರ ಎತ್ತಿಗೆ ಸೂಟಿ ಐತಿ, ನನಗ ಯಾರು ಕೊಟ್ಟಾರ?" ಕಡಲೆ ಗೇಣುದ್ದ ಬೆಳೆದಾಗ ಅದರ ಕುಡಿ ಚಿವುಟಬೇಕು, ಚಿವುಟಿದರೆ ಗಿಡ ಕವಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಅವ್ವ ಬೆಳಗಿನ ಇಬ್ಬನಿಯಲ್ಲಿ ಬಾಗಿ ಚಿವುಟಿ ಚಿವುಟಿ ಸೆರಗಿನ ಉಡಿ ತುಂಬಿಕೊಳ್ಳುವಳು. ಕಡಲೆ ಗಿಡದ ಹುಳಿ ತಾಗಿ ಅವಳ ಇಳಕಲ್ ಸೀರೆಗಳ ಅಂಚಿನಲ್ಲೆಲ್ಲ ಸಣ್ಣ ತೂತುಗಳಿದ್ದವು.

ಅವ್ವ ಎಂದೂ ಫೋಟೋ ತೆಗೆಸಿಕೊಂಡವಳಲ್ಲ. ಫೋಟೋದಲ್ಲಿ ಹಿಡಿದಿಟ್ಟರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳ ನಂಬಿಕೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಸೆರಗಿದೆ, ಬಳೆ ತೊಟ್ಟ ಕೈ ಇದೆ, ಮುಖವಿಲ್ಲ. ಮೊಬೈಲು ಎತ್ತಿದರೆ ಬೆನ್ನು ತಿರುಗಿಸುವಳು. ಆಧಾರ್ ಕಾರ್ಡಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಆ ದಿನ ಕಣ್ಣು ಅಗಲಿಸಿ, ಹಲ್ಲು ಕಚ್ಚಿ ಕೂತಿದ್ದಳು. ನಾನಾದರೂ ಬರೆಯೋಣವೆಂದರೆ, ಮಗ ಡ್ರಾಯಿಂಗ್ ಮಾಸ್ತರನಾಗಿಯೂ ಅವಳು ಒಮ್ಮೆಯೂ ಕೂರಲಿಲ್ಲ. ನಾನು ಕಣ್ಣು ಬರೆಯುವಷ್ಟರಲ್ಲಿ ಎದ್ದು ರೊಟ್ಟಿ ತಿರುವಿ ಹಾಕಲು ಹೋಗಿರುತ್ತಿದ್ದಳು. ಅವಳಿಗೆ ವಯಸ್ಸಾಗುತ್ತಿತ್ತು, ಅವಳದೆಂದು ಒಂದು ಚಿತ್ರವಿಲ್ಲವಲ್ಲ ಎಂಬ ಕೊರಗು ನನ್ನನ್ನು ಹತ್ತಿಕೊಂಡಿತ್ತು.

ಸಾಹೇಬರ ಕೈ ಬೀಸನ್ನು ನೋಡಿ ನನಗೊಂದು ಆಸೆ ಹುಟ್ಟಿತು. ಅಷ್ಟು ವರ್ಷ ಅವರನ್ನು ಹೊತ್ತು ತಿರುಗಿದ್ದಕ್ಕೆ ನಾನು ಏನನ್ನೂ ಕೇಳಿದವನಲ್ಲ. ಇದೊಂದನ್ನು ಕೇಳಿದೆ. ನನ್ನ ತಾಯಿ ಹೊಲದಲ್ಲಿರುವ ಒಂದು ಚಿತ್ರ ಬೇಕು, ಅವಳು ಕೂರುವವಳಲ್ಲ, ಅವಳು ಕೆಲಸ ಮಾಡುವಾಗಲೇ ನೀವು ಹಿಡಿಯಬಲ್ಲಿರಿ ಎಂದೆ. ಅವರು ಸ್ವಲ್ಪ ಹೊತ್ತು ಗಡ್ಡ ನೀವಿ, ಆಗಲಿ ಎಂದರು. ಅವ್ವನಿಗೆ ಹೇಳಿದಾಗ ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆನ್ನಲಿಲ್ಲ. "ಅವಾ ಕಣ್ಣಿಗೆ ಡಬ್ಬಿ ಹಚ್ಚೂದಿಲ್ಲಲ್ಲ, ಕೈಲೆ ತಗೀತಾನ. ತಗೀಲಿ ಬಿಡು" ಎಂದಳು. ಆ ಸೋಮವಾರ ಅವಳು ಉಟ್ಟದ್ದು ತೂತಿಲ್ಲದ ಸೀರೆ, ಕಡುನೀಲಿ ಒಡಲು, ಕೆಂಪು ಸೆರಗು. ಕಡಲೆ ಚಿವುಟಲು ಯಾರೂ ಒಳ್ಳೆಯ ಸೀರೆ ಉಡುವುದಿಲ್ಲ. ನಾನು ಕಂಡೂ ಕಾಣದವನ ಹಾಗೆ ಇದ್ದೆ.

ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಸಾಹೇಬರು ಆಕಾಶ ಇಳಿಸಿದರು, ಸವುಳು ನೀರಿನಲ್ಲಿ ಎರೆ ಕೂರಿಸಿದರು, ಬನ್ನಿ ಗಿಡ ಬಂತು, ಅದಕ್ಕೆ ಆನಿಸಿದ ಕುಂಟೆ ಬಂತು. ಆಮೇಲೆ ಅವ್ವನ ಕಡೆ ಒಮ್ಮೆ ನೋಡಿ ಕುಂಚದ ತುದಿಯಿಂದ ಒಂದು ಕೆಂಪು ಇಟ್ಟರು, ಅದರ ಕೆಳಗೆ ಒಂದು ಕಡುನೀಲಿ, ಪಕ್ಕಕ್ಕೆ ಕೈಯೆಂದು ಒಂದು ಕಂದು ಗೆರೆ. ಅಷ್ಟೇ. ಅವ್ವ ಬಂದುಬಿಟ್ಟಳು. ಕೊಡ ಹೊತ್ತು ಹೊತ್ತು ಇಳಿದ ಎಡ ಹೆಗಲು, ಸೊಂಟಕ್ಕೆ ಸಿಕ್ಕಿಸಿದ ಉಡಿ, ಬಾಗುವಾಗ ಒಂದು ಕಾಲು ಮುಂದಿಡುವ ರೀತಿ. ಮುಖವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊರಿನಲ್ಲಿ ಯಾರಿಗೆ ತೋರಿಸಿದ್ದರೂ ಇಂಥವಳೇ ಎಂದು ಹೇಳುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅವರ ಮೇಲೆ ಒಳಗೊಳಗೇ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದುಹೋಯಿತು.

ಅವರು ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ತಲೆ ಅಲ್ಲಾಡಿಸಿದರು. ಈಗ ನೋಡುವವರೆಲ್ಲ ಅವಳನ್ನೇ ನೋಡುತ್ತಾರೆ, ನೆಲವನ್ನು ಯಾರೂ ನೋಡುವುದಿಲ್ಲ ಎಂದರು. ನೋಡಲಿ ಬಿಡಿ ಎಂದೆ. ಮನುಷ್ಯ ಬಂದರೆ ಚಿತ್ರ ಹೋಗಿ ಕಥೆಯಾಗುತ್ತದೆ ಎಂದರು. ಇದು ನನಗೆ ಕೊಡುತ್ತೇನೆಂದ ಚಿತ್ರ, ಇದು ನನ್ನ ತಾಯಿ ಎಂದೆ.

"ಗೊತ್ತು" ಎಂದರು ಅವರು ತಮ್ಮ ಭಾಷೆಯಲ್ಲಿ, ತುಂಬ ಮೃದುವಾಗಿ. "ಆ ಕೆಂಪು ಬಹಳ ಚೆನ್ನಾಗಿ ಬಂದಿದೆ. ತೊಂದರೆಯೇ ಅದು."

ಇದನ್ನು ಹೀಗೇ ಕೊಟ್ಟುಬಿಡಿ, ಮುಂದಿನ ಸೋಮವಾರ ಖಾಲಿ ಹೊಲ ಬರೆಯಿರಿ, ಒಂದು ನಾಯಿಯೂ ಹಾಯದ ಹಾಗೆ ನಾನು ಕಾಯುತ್ತೇನೆ ಎಂದೆ. ಆಕಾಶ ಇಷ್ಟು ಚೆನ್ನಾಗಿ ಇನ್ನೊಮ್ಮೆ ಬರುವುದಿಲ್ಲ ಎಂದರು. ಜಲವರ್ಣದಲ್ಲಿ ಬಣ್ಣ ಹಸಿಯಿರುವ ತನಕ ಅದನ್ನು ವಾಪಸು ತೆಗೆಯಬಹುದು. ಅವರು ಅವ್ವ ಕೊಟ್ಟ ತಂಬಿಗೆಯ ನೀರಿನಲ್ಲಿ ಕುಂಚ ತೊಳೆದು, ಹಿಂಡಿ, ಕಾಗದದ ಮೇಲೆ ಇಟ್ಟರು. ಕುಂಚ ಬಣ್ಣವನ್ನು ಕುಡಿಯಿತು. ಬಟ್ಟೆಯಿಂದ ಒತ್ತಿದರು. ಮೊದಲು ಕೈ ಹೋಯಿತು, ಆಮೇಲೆ ನೀಲಿ. ಕೆಂಪು ಮಾತ್ರ ಪೂರ್ತಿ ಹೋಗಲಿಲ್ಲ. ಕೆಲವು ಕೆಂಪುಗಳು ಕಾಗದವನ್ನು ಕಚ್ಚಿಕೊಳ್ಳುತ್ತವೆ. ಎಷ್ಟು ತಿಕ್ಕಿದರೂ ಉಗುರಿನಷ್ಟು ಗುಲಾಬಿ ಉಳಿಯಿತು. ನಾನು ಅವರ ಕೈ ಹಿಡಿಯಬೇಕಿತ್ತು ಎಂದು ನೀವು ಅನ್ನಬಹುದು. ಗುರು ಎಂದು ನಂಬಿದವರ ಕೈಯನ್ನು ಹಿಡಿಯುವ ಅಭ್ಯಾಸ ನಮ್ಮಲ್ಲಿ ಇಲ್ಲ. ಅಲ್ಲಿ ಹೊಲದಲ್ಲಿ ಅವ್ವ ಇನ್ನೂ ಬಾಗಿಯೇ ಇದ್ದಳು, ಚಿತ್ರ ಆಗುತ್ತಿದೆ ಎಂದು ನಮ್ಮ ಕಡೆ ತಿರುಗಿಯೂ ನೋಡದೆ.

ಉಡಿ ತುಂಬಿದ ಮೇಲೆ ಅವಳು ಬಂದಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕಡಲೆ ಛಲೋ ಬಂದಾವ ಎಂದಳು, ಬನ್ನಿ ಗಿಡ ಹೂಬೇಹೂಬ ಇದ್ದಂಗ ಐತಿ ಎಂದಳು. ತನ್ನ ಬಗ್ಗೆ ಒಂದು ಮಾತು ಕೇಳಲಿಲ್ಲ. ಮನೆಯ ದಾರಿಯಲ್ಲಿ ನಾನೇ ನಡೆದದ್ದನ್ನು ಹೇಳಿ, ಸಾಹೇಬರನ್ನು ಬಾಯಿಗೆ ಬಂದಂತೆ ಬೈದೆ. ಮನೆಯ ಹೊಸ್ತಿಲಲ್ಲಿ ಉಡಿಯ ಕುಡಿಗಳನ್ನು ಮೊರಕ್ಕೆ ಸುರಿಯುತ್ತ ಅವಳು ಹೇಳಿದಳು: "ಇರ್ಲಿ ಬಿಡೋ. ನಾನಽ ಅಡ್ಡ ಬಂದೀನಿ ಅನಸ್ತೈತಿ. ಮುಂದಿನ ವಾರ ಆ ಬಾಜು ಚಿವುಟತೀನಿ."

ಹಾಗೆಯೇ ಮಾಡಿದಳು. ಮುಂದಿನ ಸೋಮವಾರಗಳಲ್ಲಿ ಸಾಹೇಬರ ಹಲಗೆ ಯಾವ ಕಡೆಗಿದೆ ಎಂದು ಮೊದಲು ನೋಡಿ, ಅವರ ಬೆನ್ನ ಹಿಂದಿನ ಸಾಲಿಗೆ ಹೋಗುತ್ತಿದ್ದಳು. ಅವಳು ಬಿತ್ತಿದ ಸಾಲು, ಅವಳು ಗಂಡನ ಜೋಡಿ ಬದು ಕಟ್ಟಿದ ಹೊಲ, ಅಲ್ಲಿ ಅವಳೇ ಅಡ್ಡವಂತೆ.

ಮರುವರ್ಷ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲಕ್ಕೆ ಅವ್ವ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ. ಗೋಡೆಗೆ ಫೋಟೋ ಬೇಕಿತ್ತು. ಇದ್ದದ್ದು ಆಧಾರ್ ಕಾರ್ಡು ಒಂದೇ. ಹುಬ್ಬಳ್ಳಿಯ ಸ್ಟುಡಿಯೋದವನು ಅದನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಆಕಾಶ ಹಾಕಿ, ಹಣೆಗೆ ವಿಭೂತಿ ಎಳೆದು ಕೊಟ್ಟ. ಕಣ್ಣು ಅಗಲಿಸಿ ಹಲ್ಲು ಕಚ್ಚಿದ ಯಾರೋ ಒಬ್ಬ ಹೆಂಗಸು ನಮ್ಮ ಪಡಸಾಲೆಯಲ್ಲಿ ಮಾಲೆ ಹಾಕಿಕೊಂಡು ಕೂತಳು. ನಾನು ನೆನಪಿನಿಂದ ಬರೆಯಲು ಕೂತರೂ ಈಗ ಅದೇ ಮುಖ ಬರುತ್ತದೆ. ಎಷ್ಟು ಸಲ ಹರಿದು ಹಾಕಿದರೂ ಅದೇ ಮುಖ.

ಆ ಚಳಿಗಾಲ ಸಾಹೇಬರು ಬಂದು ನನ್ನ ಕೈ ಹಿಡಿದು ಬಹಳ ದುಃಖವಾಯಿತು ಎಂದರು. ಇನ್ನೊಂದು ಮಾತಿಗೆ, ಸೋಮವಾರದ ರೂಢಿ ಈಗಲೂ ಇದೆ ತಾನೆ ಎಂದು ಕೇಳಿದರು. ಇದೆ ಎಂದೆ, ಶಾಲೆಯ ನೆವ ಹೇಳಿ ಅವರ ಜೊತೆ ಹೋಗುವುದನ್ನು ಬಿಟ್ಟೆ. ಅವರಿಗೆ ಇನ್ನೊಬ್ಬ ಮೋಟರ್ ಸೈಕಲ್ಲಿನವನು ಸಿಕ್ಕ.

ಹೋಳಿಗೆ ಮುಂಚೆ ಧಾರವಾಡದಲ್ಲಿ ಅವರ ಪ್ರದರ್ಶನವಾಯಿತು. ಹೋಗಬಾರದೆಂದು ಹಟ ಮಾಡಿ ಕೊನೆಯ ದಿನ ಹೋದೆ. ನಡು ಗೋಡೆಯಲ್ಲಿ ನಮ್ಮ ಹೊಲ ಇತ್ತು, ದೊಡ್ಡ ಚೌಕಟ್ಟಿನಲ್ಲಿ. ಕೆಳಗೆ ಇಂಗ್ಲಿಷಿನಲ್ಲಿ 'ಖಾಲಿ ನೆಲ' ಎಂಬ ಹೆಸರು. ಎರೆಯ ಮೇಲೆ ಆ ಉಗುರಿನಷ್ಟು ಗುಲಾಬಿ ಹಾಗೇ ಇತ್ತು. ಸುತ್ತ ನಿಂತ ಜನಕ್ಕೆ ಸಾಹೇಬರು ಅದನ್ನೇ ತೋರಿಸಿ, ಮುಳುಗುವ ಸೂರ್ಯನ ಕೊನೆಯ ಬಿಸಿಪು ಮಣ್ಣಿನ ಮೇಲೆ ಹೀಗೆ ಕೂರುತ್ತದೆ ಎಂದು ವಿವರಿಸುತ್ತಿದ್ದರು. ಜನ ತಲೆದೂಗುತ್ತಿದ್ದರು. ಅದು ಬೆಳಗಿನ ಹೊತ್ತು ಬರೆದ ಚಿತ್ರ. ಸೂರ್ಯ ನಮ್ಮ ಬೆನ್ನಿಗಿದ್ದ.

ಜನ ಚದುರಿದ ಮೇಲೆ ನಾನು ಹತ್ತಿರ ಹೋಗಿ, ಅದು ಸೂರ್ಯನಲ್ಲ, ನನ್ನ ಅವ್ವ ಎಂದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, ನಿಜ, ಅವರು ಈ ನೆಲದಲ್ಲೆಲ್ಲ ಇದ್ದಾರೆ ಎಂದರು. ಮೂಗಿಗೆ ತುಪ್ಪ ಸವರುವುದು ಯಾವ ದೇಶದವರಿಗೂ ಯಾರೂ ಕಲಿಸಬೇಕಿಲ್ಲ. ಎಲ್ಲ ಕಡೆ ಇದ್ದಾಳೆ ಎಂದರೆ ಎಲ್ಲಿಯೂ ಇಲ್ಲ ಎಂದೇ ಅರ್ಥ. ಆ ಚಿತ್ರ ನನಗೆ ಬೇಕು ಎಂದೆ. ಅದು ಆಗಲೇ ಬೇರೆಯವರ ಪಾಲಾಗಿತ್ತು. ಅಚ್ಚು ಹಾಕಿಸಿದ ಪ್ರತಿಯೊಂದನ್ನು ಸುರುಳಿ ಸುತ್ತಿ, ನನ್ನ ಹೆಸರು ಬರೆದು, ಗೆಳೆತನದ ನೆನಪಿಗೆಂದು ಕೊಟ್ಟರು. ಇಸಿದುಕೊಂಡೆ. ಅವರನ್ನು ನಾನು ಕಂಡದ್ದು ಅದೇ ಕಡೆಯ ಸಲ.

ಅಚ್ಚಿನಲ್ಲಿ ಆ ಗುಲಾಬಿಯೂ ಮೂಡಿರಲಿಲ್ಲ. ಯಂತ್ರಕ್ಕೆ ಅಷ್ಟು ತೆಳು ಬಣ್ಣ ಹಿಡಿಯುವುದಿಲ್ಲ. ಆದರೂ ಗಾಜು ಹಾಕಿಸಿ ಅವ್ವನ ಫೋಟೋದ ಪಕ್ಕ ತೂಗುಹಾಕಿದೆ. ಏಕೆ ಹಾಕಿದೆ ಎಂದು ಹೆಂಡತಿ ಕೇಳಿದಾಗ ಸಿಡುಕಿದೆ. ಬಂದು ಹೋಗುವವರು ನೋಡಿ, ಇದು ಯಾವ ದೇಶದ ಸೀನರಿ ಎಂದು ಕೇಳುತ್ತಿದ್ದರು.

ಮೊನ್ನೆ ಸಾಹೇಬರು ಸತ್ತ ಸುದ್ದಿ ಕೇಳಿ ಪಕ್ಕದ ಮನೆಯ ದೊಡ್ಡವ್ವ ಕೋಲೂರಿಕೊಂಡು ಬಂದಳು. ಮೊಣಕಾಲು ಹೋಗಿ ಅವಳು ಹೊಲ ಕಾಣದೆ ವರ್ಷಗಳಾದವು. ಪಾಪ, ದೂರದ ಮನುಷ್ಯ, ನಮ್ಮ ಕಡಲೆ ಪಲ್ಯ ತಿಂದವ ಎಂದು ಮರುಗಿದಳು. ಆಮೇಲೆ ಗೋಡೆಯ ಚಿತ್ರದ ಹತ್ತಿರ ಹೋಗಿ, ಸೆರಗಿನಿಂದ ಗಾಜು ಒರೆಸಿ, ಮುಖ ಮುಂದೆ ಚಾಚಿ ನೋಡಿದಳು. ಅವಳಿಗೆ ಯಾವ ದೇಶವೆಂದು ಕೇಳಬೇಕಾಗಲಿಲ್ಲ.

"ಎತ್ತಿಲ್ಲ. ಕುಂಟಿ ಬನ್ನಿ ಗಿಡಕ್ಕ ಆನಿಸ್ಯಾರ. ಇದು ಸೋಮವಾರ ತಗದದ್ದು" ಎಂದಳು.

ಹೌದು ದೊಡ್ಡವ್ವ ಎಂದೆ.

ಅವಳು ಬೆರಳನ್ನು ಗಾಜಿನ ಮೇಲಿಟ್ಟು ಒಂದು ಬದುವಿನಿಂದ ಇನ್ನೊಂದು ಬದುವಿನ ತನಕ ಮೆಲ್ಲಗೆ ಎಳೆದಳು. ಮತ್ತೆ ವಾಪಸು ಎಳೆದಳು. ಸಾಲು ಸಾಲು ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಸೋಮವಾರ ಅಂದ್ರ ನಿಮ್ಮವ್ವ ಎಲ್ಲದಾಳೋ ತಮ್ಮಾ?"